ಬಂದವರಿಗೆ ನೀರು, ಬಾಣಂತಿಗೆ ಔಷಧ

ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ನೀರು ಕೊಡುತ್ತಾರೆ, ಆಮೇಲೆ ಔಷಧ ಹೇಳುತ್ತಾರೆ. ನೀರು ಬಾಯಾರಿಕೆಗೆ ಎಂಬುದು ಸ್ಪಷ್ಟ. ಔಷಧ ಯಾವುದಕ್ಕೆ ಎಂಬುದು ಮಾತ್ರ ಅತಿಥಿ ತಂಬಿಗೆಯನ್ನು ಕೆಳಗಿಡುವಷ್ಟರಲ್ಲಿ ತೀರ್ಮಾನವಾಗುತ್ತದೆ. ಕುಳಿತುಕೊಳ್ಳುವಾಗ ಕೈ ಸೊಂಟದ ಮೇಲೆ ಹೋದರೆ ಒಂದು ಬೇರು, ಮಾತಿನ ನಡುವೆ ಕೆಮ್ಮಿದರೆ ಒಂದು ಕಷಾಯ, ಎರಡನ್ನೂ ಮಾಡದೆ ಮರ್ಯಾದೆಯಿಂದ ಕುಳಿತರೆ "ಯಾಕೋ ಮಾರಿ ಬಾಡ್ಯಾದ" ಎಂಬ ನಿದಾನ ಮತ್ತು ಅದಕ್ಕೊಂದು ಚೂರ್ಣ. ಈ ವೈದ್ಯಪದ್ಧತಿಯಲ್ಲಿ ಶುಲ್ಕವಿಲ್ಲ, ತಪಾಸಣೆಯಿಲ್ಲ, ರೋಗಿಗೆ ರೋಗವಿರಬೇಕೆಂಬ ನಿಯಮವೂ ಇಲ್ಲ. ಮಹಾರಾಷ್ಟ್ರದ ಗಡಿಸೀಮೆಯ ನಮ್ಮ ಉದಗೀರದಿಂದ ಹೊರಟು ನಿಲಂಗಾದ ನೆಗೆಣ್ಣಿಯ ಮನೆ, ಅಲ್ಲಿಂದ ಉಮರ್ಗಾ ದಾಟಿ ಯೆಣೆಗೂರಿನ ತಂಗಿಯ ಮನೆ, ಹೀಗೆ ಒಂದು ಸುತ್ತು ಹಾಕಿ ಬಂದರೆ ನನ್ನ ಕೈಚೀಲದಲ್ಲಿ ಬೇರು, ತೊಗಟೆ, ಬೀಜ, ಅಂಟುಗಳ ಒಂದು ಸಣ್ಣ ಅರಣ್ಯವೇ ಇರುತ್ತದೆ. ಬರಗಾಲದ ವರ್ಷಗಳಲ್ಲಿ ಈ ಸೀಮೆಯಲ್ಲಿ ಉಳಿದಿದ್ದ ಅರಣ್ಯ ಬಹುಶಃ ಅದೊಂದೇ.

ಇದಕ್ಕೆ ನಾನು ಸಿಟ್ಟಾಗಲು ಎರಡು ಕಾರಣಗಳಿವೆ. ಮೊದಲನೆಯದು, ಕೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೂ ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು, ಯಾವುದೇ ಗಿಡದ ಹೆಸರು ಕಿವಿಗೆ ಬಿದ್ದರೆ ಅದರ ಕುಲಗೋತ್ರ ಕೇಳದೆ ನನಗೆ ಸಮಾಧಾನವಿಲ್ಲ, ಅದು ರೋಗ ಗುಣಪಡಿಸುತ್ತದೆ ಎಂದರಂತೂ "ಪುರಾವೆ ಏನು?" ಎಂದು ಕೇಳದೆ ಊಟ ಸೇರುವುದಿಲ್ಲ. ಎರಡನೆಯದು, ನನ್ನ ಗಂಡ ಉದಗೀರದ ಪೇಟೆಯಲ್ಲಿ ತಲೆತಲಾಂತರದಿಂದ ಬಂದ ಕಿರಾಣಿ ಅಂಗಡಿಯಲ್ಲಿ ಇದೇ ಬೇರು ತೊಗಟೆಗಳನ್ನು ಮಾರುವವರು. ಹಗಲೆಲ್ಲ ಅವರು ಮಾರುತ್ತಾರೆ, ಸಂಜೆಯೆಲ್ಲ ನಾನು ಖಂಡಿಸುತ್ತೇನೆ. ಖಂಡನೆಯ ನಡುವೆ ಕುಡಿಯುವ ಚಹದ ಸಕ್ಕರೆ ಮಾತ್ರ ಅದೇ ಅಂಗಡಿಯಿಂದ ಬಂದದ್ದು. ಇಂಥ ದಾಂಪತ್ಯದಲ್ಲಿ ಸತ್ಯಶೋಧನೆ ಎಷ್ಟು ದೂರ ಸಾಗೀತು ಎಂಬುದನ್ನು ನೀವೇ ಊಹಿಸಿ.

ಅವರ ಪುರಾವೆಯ ಸಿದ್ಧಾಂತವನ್ನು ನಿಮಗೆ ಹೇಳಲೇಬೇಕು, ಯಾಕೆಂದರೆ ಅದನ್ನು ಸೋಲಿಸಲು ನನಗೆ ಇವತ್ತಿನವರೆಗೂ ಸಾಧ್ಯವಾಗಿಲ್ಲ. "ಗಿರಾಕಿ ತಿರುಗಿ ಬಂದನಂದ್ರ ಔಷಧ ಛಲೋ ಅದ ಅಂತ. ಬರಲಿಲ್ಲಂದ್ರ ಗುಣಾ ಆಗ್ಯಾನಂತ," ಎನ್ನುತ್ತಾರೆ ಅವರು, ತಕ್ಕಡಿಯ ಮುಳ್ಳನ್ನೇ ನೋಡುತ್ತ. ಬಾರದವನು ಬೇರೆ ಕಡೆ ಹೋಗಿರಬಹುದಲ್ಲ, ಹಾಸಿಗೆ ಹಿಡಿದಿರಬಹುದಲ್ಲ, ಅಥವಾ ಹೇಳಬಾರದ ಕಡೆಗೇ ಹೋಗಿಬಿಟ್ಟಿರಬಹುದಲ್ಲ ಎಂದು ನಾನು ಕೇಳಿದರೆ, ಸತ್ತವರು ಯಾರೂ ಬಂದು ದೂರಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದರೆ ಇದೇ.

ಗಮನಿಸಿ ನೋಡಿ, ಈ ಬೇರು ತೊಗಟೆಗಳ ಮುಕ್ಕಾಲು ಪಾಲು ಹೆಂಗಸರ ಪಾಲಿನವು. ಗಂಡಸರ ಕಾಯಿಲೆ ದವಾಖಾನೆಗೆ ಹೋಗುತ್ತದೆ, ಹೆಂಗಸರದು ಅಡುಗೆಮನೆಯಲ್ಲೇ ಉಳಿಯುತ್ತದೆ. ನನ್ನ ಭಾವನವರಿಗೆ ಒಮ್ಮೆ ಎದೆ ಹಿಡಿದಂತಾದಾಗ ಯಾರೂ ಅವರಿಗೆ ಓಂಕಾಳು ಕೊಡಲಿಲ್ಲ. ಜೀಪು ಮಾಡಿಕೊಂಡು ಸೊಲ್ಲಾಪುರಕ್ಕೆ ಓಡಿದರು, ಕೊನೆಗೆ ಅದು ಅಜೀರ್ಣವೆಂದು ತಿಳಿಯಿತು. ಅವರ ಹೆಂಡತಿ, ಅಂದರೆ ನಿಲಂಗಾದ ನನ್ನ ನೆಗೆಣ್ಣಿ ಕಲಾವತಿ, ತಿಂಗಳು ತಿಂಗಳು ಹೊಟ್ಟೆ ಹಿಡಿದುಕೊಂಡು ಹೊರಳಾಡಿದ್ದು ವರ್ಷಗಟ್ಟಲೆ. ಅದಕ್ಕೆ ಓಂಕಾಳು, ಬೆಲ್ಲ, ಶುಂಠಿ ಮತ್ತು "ಎಲ್ಲಾರಿಗೂ ಆಗೂದೇ" ಎಂಬ ಸಮಾಧಾನ. ಆಕೆ ಈಗ ಸ್ವತಃ ಆ ಪಂಥದ ಆಚಾರ್ಯೆಯಾಗಿದ್ದಾಳೆ. ಮುಟ್ಟಿನ ನೋವಿಗೆ, ಬಿಳಿಸೆರಗಿಗೆ, ಗರ್ಭ ನಿಲ್ಲಲು, ನಿಂತದ್ದು ಉಳಿಯಲು, ಹಾಲು ಇಳಿಯಲು ಆಕೆಯ ಕಪಾಟಿನಲ್ಲಿ ಒಂದೊಂದು ಡಬ್ಬಿ ಇದೆ.

ನಾನು ಅನ್ಯಾಯ ಮಾತಾಡುವವಳಲ್ಲ. ಶುಂಠಿಯಿಂದ ಮುಟ್ಟಿನ ನೋವು ಸ್ವಲ್ಪ ತಗ್ಗುತ್ತದೆ ಎಂದು ಪರೀಕ್ಷಿಸಿ ನೋಡಿದವರು ಇದ್ದಾರೆ. ಪರೀಕ್ಷೆಗಳು ಸಣ್ಣವು, ಆದರೂ ಪರೀಕ್ಷೆಗಳು. ನಾನೇ ಹರೆಯದಲ್ಲಿ ಶುಂಠಿ ಕಷಾಯ ಕುಡಿದು ತರಗತಿಗೆ ಹೋದವಳು. ಶತಾವರಿ, ಮೆಂತ್ಯಗಳಿಂದ ಬಾಣಂತಿಗೆ ಹಾಲು ಹೆಚ್ಚುತ್ತದೆಯೇ ಎಂದು ನೋಡಿದವರೂ ಇದ್ದಾರೆ. ಒಬ್ಬರು ಹೌದೆಂದರೆ ಇನ್ನೊಬ್ಬರು ಅಷ್ಟೇನಿಲ್ಲ ಎನ್ನುತ್ತಾರೆ, ಮೂರನೆಯವರು ಇನ್ನಷ್ಟು ನೋಡಬೇಕು ಎಂದು ಕೈತೊಳೆದುಕೊಳ್ಳುತ್ತಾರೆ. ಈ "ಇನ್ನಷ್ಟು ನೋಡಬೇಕು" ಎಂಬುದು ನನಗೆ ಬಹಳ ಪ್ರಿಯವಾದ ವಾಕ್ಯ, ಆದರೆ ನಮ್ಮ ಸೀಮೆಯಲ್ಲಿ ಅದನ್ನು ಉಚ್ಚರಿಸಿದವರಿಗೆ ಏನೂ ಗೊತ್ತಿಲ್ಲ ಎಂದೇ ಅರ್ಥ. ಗೊತ್ತಿರುವವರು ಗೊತ್ತು ಎನ್ನುತ್ತಾರೆ. ಗಂಡುಮಗು ಹುಟ್ಟಲು ಪುಡಿ ಕೊಡುವ ಒಬ್ಬ ಮಹಾನುಭಾವನ ಮನೆ ಮುಂದೆ ಅಮಾವಾಸ್ಯೆಯ ದಿನ ಸಾಲು ನಿಲ್ಲುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವನ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಸದಾ ಸಂತುಷ್ಟರು. ಏನೂ ಕೊಡದಿದ್ದರೂ ಅಷ್ಟೇ ಮಂದಿ ಸಂತುಷ್ಟರಾಗುತ್ತಿದ್ದರು ಎಂದು ಆ ಸಾಲಿನಲ್ಲಿ ನಿಂತವರಿಗೆ ವಿವರಿಸಲು ಹೋಗಿ, ಹೆಣ್ಣುಮಕ್ಕಳನ್ನೇ ಹೆತ್ತವಳ ಹೊಟ್ಟೆಕಿಚ್ಚು ಎನ್ನಿಸಿಕೊಂಡು ಬಂದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಆ ವರ್ಷ ನಡೆದದ್ದನ್ನು ಹೇಳಲು ನನಗೆ ಸ್ವಲ್ಪ ಧೈರ್ಯ ಬೇಕಿತ್ತು. ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಿಗೆ ಅದು. ನಮ್ಮ ಉದಗೀರದ ನಲ್ಲಿಗಳು ತಮ್ಮ ವೃತ್ತಿಯನ್ನೇ ಮರೆತಿದ್ದವು. ಮನೆಗೆ ಬಂದವರಿಗೆ ಕೊಡುವ ತಂಬಿಗೆ ಮೊದಲು ಅರ್ಧವಾಗಿ, ಆಮೇಲೆ ಲೋಟವಾಗಿ, ಕಡೆಗೆ ಬಂದವರೇ "ನೀರು ಬ್ಯಾಡ್ರಿ, ಈಗ ಕುಡದೇ ಬಂದೀವಿ" ಎಂದು ಮುಂಚಿತವಾಗಿ ಸುಳ್ಳು ಹೇಳುವ ಶಿಷ್ಟಾಚಾರ ರೂಢಿಯಾಯಿತು. ಯೆಣೆಗೂರಿನಲ್ಲಿರುವ ನನ್ನ ತಂಗಿ ಮಹಾನಂದಾಳ ಮಗಳು ಸುವರ್ಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಆ ಬೇಸಿಗೆಯ ಉರಿಯಲ್ಲಿ ಹೆಣ್ಣುಕೂಸನ್ನು ಹಡೆದಳು. ನಾನು ಕೆಲವು ದಿನ ಬಿಟ್ಟು ಉಡುಗೊರೆ ಕಟ್ಟಿಕೊಂಡು, ನಿಲಂಗಾದಲ್ಲಿ ಕಲಾವತಿಯನ್ನೂ ಕೂಡಿಸಿಕೊಂಡು, ಎರಡು ಎಸ್‌ಟಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ.

ಬಾಗಿಲಲ್ಲೇ ನನಗೆ ನೀರು ಕೊಟ್ಟರು. ಟ್ಯಾಂಕರಿನ ಮುಂದೆ ಕೊಡ ಹಿಡಿದು ಜಗಳಾಡಿ ತಂದ ನೀರು. ಬೇಡವೆನ್ನುವ ಸುಳ್ಳನ್ನು ನಾನು ಸರಿಯಾಗಿ ಹೇಳಲಿಲ್ಲವೆಂದು ತೋರುತ್ತದೆ, ತಂಗಿ ಬಿಡಲಿಲ್ಲ. ಕುಡಿದು ಒಳಕೋಣೆಗೆ ಹೋದರೆ, ಹೊರಗಿನ ಸೆಕೆ ಸಾಲದೆಂಬಂತೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ, ಕಿಟಕಿಗೆ ಕಂಬಳಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ. ಅವುಗಳ ನಡುವೆ ಎಲ್ಲೋ ಸುವರ್ಣಾ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕೂಸು ಅಳುತ್ತಿತ್ತು, ಅತ್ತು ಅತ್ತು ಸೋತು ಮಲಗುತ್ತಿತ್ತು, ಮತ್ತೆ ಏಳುತ್ತಿತ್ತು. ಹಾಲು ಸಾಲುತ್ತಿಲ್ಲ ಎಂದು ತಂಗಿ ನನ್ನ ಕಿವಿಯಲ್ಲಿ ಹೇಳಿದಳು. ತೂಕ ನೋಡಲು ಬರುವ ಆಶಾ ಕಾರ್ಯಕರ್ತೆ, ಕೂಸು ಹುಟ್ಟಿದಾಗಿನದಕ್ಕಿಂತ ಇಳಿದಿದೆ, ಇಷ್ಟರಲ್ಲಿ ಏರಬೇಕಿತ್ತು, ಹೀಗೇ ಆದರೆ ಉಮರ್ಗಾದ ದವಾಖಾನೆಗೆ ಸೇರಿಸಬೇಕಾದೀತು ಎಂದು ಹೇಳಿ ಹೋಗಿದ್ದಳಂತೆ. ನಾನು ಕೂಸಿನ ಕಾಲು ಮುಟ್ಟಿ ನೋಡಿದೆ. ಚರ್ಮ ಸಡಿಲವಾಗಿ ಮಡಿಕೆ ಬಿದ್ದಿತ್ತು.

ಹಾಲಿಗಾಗಿ ಏನೇನು ನಡೆದಿತ್ತು ಎಂಬುದನ್ನು ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ, ಹಸಿವೂ ಆಗುತ್ತದೆ. ಬೆಳಿಗ್ಗೆ ಆಳ್ವಿ ಬೀಜದ ಖೀರು, ಆಮೇಲೆ ಅಂಟಿನುಂಡೆ, ಮಧ್ಯಾಹ್ನ ಸಬ್ಬಸಗಿ ಪಲ್ಯ ಮತ್ತು ಬೆಳ್ಳುಳ್ಳಿ ರೊಟ್ಟಿ, ಸಂಜೆ ಹತ್ತಿಕಾಳು ಅರೆದು ಹಿಂಡಿದ ಹಾಲಿನ ಪಾಯಸ, ಮಲಗುವ ಮುನ್ನ ಮೆಂತ್ಯದುಂಡೆ. ಅದರ ಮೇಲೆ ಕಲಾವತಿ ತನ್ನ ಕಪಾಟಿನಿಂದ ತಂದ ಶತಾವರಿ ಚೂರ್ಣದ ಡಬ್ಬಿಯನ್ನು ತೆರೆದಳು. ಅದು ನನ್ನ ಗಂಡನ ಅಂಗಡಿಯದೇ ಎಂಬುದನ್ನು ಮುಚ್ಚಳ ನೋಡಿಯೇ ಗುರುತಿಸಿದೆ. ಇಷ್ಟೂ ಭಾರ, ಇಷ್ಟೂ ಉಷ್ಣ. ಕುಡಿಯಲು? ಓಂಕಾಳು ಹಾಕಿ ಕುದಿಸಿ ಇಂಗಿಸಿದ ನೀರು, ಹೊತ್ತಿಗೊಂದು ಸಣ್ಣ ಬಟ್ಟಲು. ಅಷ್ಟೇ.

ಈ ವ್ಯವಸ್ಥೆಯ ಅಧ್ಯಕ್ಷತೆ ತಂಗಿಯ ಅತ್ತೆಯವರದು. ಅವರ ಹೆಸರು ಗಂಗಾಬಾಯಿ. ಬಾಣಂತಿಗೆ ನೀರು ಬಿಡದವರಿಗೆ ಈ ಹೆಸರಿಟ್ಟ ಹಿರಿಯರ ಹಾಸ್ಯಪ್ರಜ್ಞೆಗೆ ನಾನು ಕೈಮುಗಿಯುತ್ತೇನೆ. ಮನೆಯವರೆಲ್ಲ ಅವರನ್ನು ಆಯಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹಸಿ ಮೈಗೆ ನೀರು ಬಿದ್ದರೆ ಹೊಟ್ಟೆ ಉಬ್ಬುತ್ತದೆ, ನಂಜಾಗುತ್ತದೆ, ಹಾಲು ನೀರಾಗಿ ಕೂಸಿಗೆ ಶೀತ ಹಿಡಿಯುತ್ತದೆ ಎಂಬುದು ಆಯಿಯ ಶಾಸ್ತ್ರ. ಈ ಪದ್ಧತಿ ಅವರೊಬ್ಬರದಲ್ಲ, ನಮ್ಮ ಸೀಮೆಯ ಎಷ್ಟೋ ಮನೆಗಳದು; ನಾನು ಹೆತ್ತಾಗಲೂ ನಮ್ಮ ಅತ್ತೆ ಹೀಗೇ ಮಾಡಿದ್ದರು, ನಾನು ಬಚ್ಚಲಿಗೆ ಹೋದಾಗ ಕದ್ದು ಕುಡಿದು ಶಾಸ್ತ್ರವನ್ನೂ ಜೀವವನ್ನೂ ಒಟ್ಟಿಗೆ ಉಳಿಸಿದ್ದೆ. ಆದರೆ ಬರಗಾಲದಲ್ಲಿ ಕದಿಯಲು ಬಚ್ಚಲಲ್ಲಿಯೂ ನೀರಿರಬೇಕಲ್ಲ. ನನಗೊಂದು ಗುಮಾನಿ: ಯಾವುದೋ ಹಳೆಯ ಬರದಲ್ಲಿ ಯಾರೋ ಅತ್ತೆ ಮಾಡಿದ ಉಳಿತಾಯವೇ ಕಾಲಾಂತರದಲ್ಲಿ ಶಾಸ್ತ್ರವಾಗಿ ಕುಳಿತಿರಬೇಕು. ಇದಕ್ಕೆ ಪುರಾವೆ ಏನೆಂದು ದಯವಿಟ್ಟು ಕೇಳಬೇಡಿ.

ನಾನು ವಾದಕ್ಕಿಳಿದೆ. ವಾದದಲ್ಲಿ ನನಗೆ ಒಂದು ಬ್ರಹ್ಮಾಸ್ತ್ರ ಸಿಕ್ಕಿತ್ತು. ಆ ಮನೆಯ ಹಿತ್ತಿಲಲ್ಲಿ ದೇವಣಿ ತಳಿಯ ಆಕಳೊಂದು ಅದೇ ವಾರ ಕರು ಹಾಕಿತ್ತು. ಬಿಳಿ ಮೈ, ಕಪ್ಪು ಮಚ್ಚೆ, ಮನೆಯ ಗೌರವವೇ ಅದರಲ್ಲಿದೆ ಎಂಬಂಥ ನಡಿಗೆ. ತಂಗಿಯ ಗಂಡ ಅದಕ್ಕೆ ಬೆಲ್ಲ ಕಲಸಿದ ಉಗುರುಬೆಚ್ಚಗಿನ ನೀರನ್ನು ಬಕೆಟ್ಟಿಗೆ ಬಕೆಟ್ಟು ಇಡುತ್ತಿದ್ದರು; ಆಕಳು ಮೂತಿ ಎತ್ತುವವರೆಗೂ ಬಕೆಟ್ಟು ಕದಲಿಸುತ್ತಿರಲಿಲ್ಲ. ಟ್ಯಾಂಕರಿನ ನೀರಿನಲ್ಲಿ ಮೊದಲ ಪಾಲು ಅದರದು, ಯಾಕೆಂದರೆ ನೀರಿಲ್ಲದೆ ಆಕಳು ಹಾಲು ಕೊಡುವುದಿಲ್ಲ ಎಂಬುದು ಇಡೀ ತಾಲೂಕಿಗೆ ಗೊತ್ತು. ಹತ್ತಿಕಾಳು ಆಕಳಿಗೂ ಹಾಕುತ್ತೀರಿ, ಸುವರ್ಣಾಳಿಗೂ ಹಾಕುತ್ತೀರಿ. ಆಕಳಿಗೆ ಬಕೆಟ್ಟು, ಈಕೆಗೆ ಬಟ್ಟಲು, ಇದ್ಯಾವ ನ್ಯಾಯ ಎಂದು ಕೇಳಿದೆ. ಕೇಳಿ, ಗೆದ್ದೆನೆಂದು ಸೆರಗು ಸರಿಮಾಡಿಕೊಂಡು ಕುಳಿತೆ.

ಆಯಿ ಎಲೆಗೆ ಸುಣ್ಣ ಹಚ್ಚುತ್ತಲೇ ಉತ್ತರ ಕೊಟ್ಟರು. "ಆಕಳ ಮಣ್ಣಿನ್ಯಾಗ ಮಲಗತದ, ಅದಕ್ಕ ಥಂಡಿ ಅಂಬೂದೇ ಗೊತ್ತಿಲ್ಲ. ಇಕಿ ಕಾಲೇಜ ಕಲತಾಕಿ, ಇಕಿಗಿ ಎಲ್ಲಾ ಹತ್ತತದ."

ಕಾಲೇಜಿನಲ್ಲಿ ಕಲಿಸಿದವಳಾದ ನನಗೆ ಇದು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ನಾನು ಬಿಡದೆ ಪುರಾವೆಗೇ ಕೈ ಹಾಕಿದೆ. ಆಯಿ ತಾವು ಹೆತ್ತ ಮಕ್ಕಳನ್ನೇ ಪುರಾವೆಯಾಗಿ ಮುಂದಿಟ್ಟರು. ಎಲ್ಲರೂ ಎತ್ತಿನ ಹಾಗೆ ಬೆಳೆದಿದ್ದಾರೆ, ಯಾರ ಬಾಣಂತನದಲ್ಲೂ ತಾವು ಒಂದು ಬಟ್ಟಲಿಗಿಂತ ಹೆಚ್ಚು ನೀರು ಕಂಡವರಲ್ಲ. ಅವರು ಹೆತ್ತವರಲ್ಲಿ ಹಾಲುಗೂಸಾಗಿರುವಾಗಲೇ ಹೋದವರೂ ಇದ್ದರೆಂಬುದು ನನಗೆ ಗೊತ್ತಿತ್ತು. ಕೇಳಬಾರದಿತ್ತು, ಸಿಟ್ಟಿನಲ್ಲಿ ಅವರ ಬಗ್ಗೆಯೂ ಕೇಳಿದೆ. ಆಯಿ, ಅದು ಶಿವನ ಇಚ್ಛೆ ಎಂದು ಎಲೆ ಬಾಯಿಗಿಟ್ಟುಕೊಂಡರು. ಬದುಕಿದವರು ಔಷಧದ ಲೆಕ್ಕಕ್ಕೆ, ಹೋದವರು ಶಿವನ ಲೆಕ್ಕಕ್ಕೆ. ನನ್ನ ಗಂಡನ ಅಂಗಡಿಯ ಸಿದ್ಧಾಂತ ಇಲ್ಲಿ ದೇವರ ಮನೆಯವರೆಗೂ ಬೆಳೆದು ನಿಂತಿತ್ತು.

ಮರುದಿನ ಕೂಸು ಅಳುವುದನ್ನೂ ಕಡಿಮೆ ಮಾಡಿತು. ಶತಾವರಿ ಹತ್ತಿತು, ಕೂಸಿನ ಹೊಟ್ಟೆ ತುಂಬಿತು ಎಂದಳು ಕಲಾವತಿ. ಹಸಿದ ಕೂಸು ಅಳುವುದನ್ನು ಬಿಡುವುದು ಹೊಟ್ಟೆ ತುಂಬಿದ್ದಕ್ಕಲ್ಲ, ಶಕ್ತಿ ತೀರಿದ್ದಕ್ಕೆ ಎಂದು ನಾನು ಕೂಗಾಡಿದೆ. ನಾನು ಕೂಗಾಡಿದ್ದು ಅದೇ ಮೊದಲೇನಲ್ಲ, ಹಾಗಾಗಿ ಯಾರಿಗೂ ಅದರ ಬಿಸಿ ತಟ್ಟಲಿಲ್ಲ. ತಂಗಿ ಮಹಾನಂದಾ ಮಾತ್ರ ಕೂಸನ್ನು ಸೀರೆಯಲ್ಲಿ ಸುತ್ತಿ ಎತ್ತಿಕೊಂಡು, ಸುವರ್ಣಾಳನ್ನು ಹೊರಸಿನಿಂದ ಎಬ್ಬಿಸಿ, ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ತಿಂಗಳು ತುಂಬದ ಬಾಣಂತಿ ಹೊಸ್ತಿಲು ದಾಟಿದ್ದಕ್ಕೆ ಆಯಿ ಹೌಹಾರಿದರು, ಆಮೇಲೆ ಬಿಟ್ಟಿರಲಾರದೆ ಕೋಲು ಊರಿಕೊಂಡು ತಾವೂ ಬಂದರು. ಹೀಗೆ ಕಲಾವತಿಯನ್ನು ಮನೆ ಕಾಯಲು ಬಿಟ್ಟು, ಎರಡೂ ಪಂಥದವರು ಒಂದೇ ಬಸ್ಸಿನಲ್ಲಿ ಉಮರ್ಗಾ ತಲುಪಿದೆವು.

ಉಮರ್ಗಾದ ಡಾಕ್ಟರ್‌ಬಾಯಿ ಚಿಕ್ಕ ವಯಸ್ಸಿನವರು, ಹೆಚ್ಚು ಮಾತಿನವರಲ್ಲ, ಮರಾಠಿಯವರು. ಕೂಸನ್ನು ತೂಗಿ, ನೆತ್ತಿ ಮುಟ್ಟಿ, ನಾಲಿಗೆ ನೋಡಿ, ಒಂದೊಂದಾಗಿ ಪ್ರಶ್ನೆ ಕೇಳತೊಡಗಿದರು. ಪ್ರಶ್ನೆಗಳು ಸುವರ್ಣಾಳಿಗೆ, ಉತ್ತರಗಳು ನಮ್ಮವು. ಎಷ್ಟು ಸಲ ಹಾಲೂಡಿಸುತ್ತಾಳೆ ಎಂದರೆ ಆಯಿ ಹೇಳಿದರು, ಏನು ಊಟ ಎಂದರೆ ತಂಗಿ ಹೇಳಿದಳು, ಏನಾದರೂ ಔಷಧ ಎಂದರೆ ನಾನು ಶತಾವರಿಯ ಸಸ್ಯಶಾಸ್ತ್ರೀಯ ನಾಮಧೇಯದಿಂದ ಆರಂಭಿಸಿ ಅದರ ಬಗ್ಗೆ ಇರುವ ಮತ್ತು ಇಲ್ಲದಿರುವ ಪುರಾವೆಗಳ ಕುರಿತು ಉಪನ್ಯಾಸ ಕೊಡತೊಡಗಿದೆ. ಡಾಕ್ಟರ್‌ಬಾಯಿ ಅಂಗೈ ಎತ್ತಿ ನಮ್ಮೆಲ್ಲರನ್ನೂ ತಡೆದರು. ಆಮೇಲೆ ಕುರ್ಚಿಯನ್ನು ಸುವರ್ಣಾಳ ಹತ್ತಿರಕ್ಕೆ ಎಳೆದುಕೊಂಡು, ಬಹಳ ಸಹಜವಾಗಿ ಕೇಳಿದರು:

"ತುಲಾ ತಹಾನ ಲಾಗತೆ ಕಾ ಗಂ?"

ನಿನಗೆ ನೀರಡಿಕೆ ಆಗುತ್ತದೆಯೇನಮ್ಮ, ಎಂದು. ಸುವರ್ಣಾ ಅವರನ್ನು ಬಿಟ್ಟು ನಮ್ಮ ಕಡೆ ತಿರುಗಿದಳು. ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿದಳು.

"ದೊಡ್ಡವ್ವ, ಏನ್ ತಿಂದಿ, ಏನ್ ತಿಂದಿ ಅಂತ ಎಲ್ಲಾರೂ ಕೇಳೀರಿ. ನೀರಡಿಕಿ ಆಗ್ಯಾದೇನು ಅಂತ ಒಬ್ಬರೂ ಕೇಳಲಿಲ್ಲ. ಅವ್ವ ಟ್ಯಾಂಕರ್ ಮುಂದ ಬಡದಾಡಿ ಒಂದ ಕೊಡ ತರತಾಳ. ಅದನ್ನ ನೋಡಿ ಕೇಳಲಾಕ ನನಗ ಬಾಯಿ ಬರಲಿಲ್ಲ."

ಡಾಕ್ಟರ್‌ಬಾಯಿ ಮೇಜಿನ ಮೇಲಿದ್ದ ತಮ್ಮ ಬಾಟಲಿಯನ್ನು ಅವಳ ಕೈಗೆ ಕೊಟ್ಟರು. ಅವಳು ಕುಡಿದಳು. ಒಂದೇ ಉಸಿರಿನಲ್ಲಿ, ಗಂಟಲಿನ ಸದ್ದು ಕೋಣೆಗೆಲ್ಲ ಕೇಳುವಂತೆ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಿಲ್ಲಿಸದೆ ಕುಡಿದಳು. ಜೀವಮಾನವಿಡೀ ಪುರಾವೆ ಪುರಾವೆ ಎಂದು ಬಡಿದುಕೊಂಡವಳು ನಾನು. ಒಣಗಿದ ತುಟಿಯನ್ನು ಕೋಣೆಗೆ ಕಾಲಿಟ್ಟೊಡನೆ ಕಂಡು, ಅದರ ಬಗ್ಗೆ ಇಡೀ ದಿನ ವಾದ ಮಾಡಿ, ತುಟಿಯವಳನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ನನ್ನ ಮೇಲೆಯೇ ನನಗೆ ಬಂದ ಸಿಟ್ಟನ್ನು ಯಾವ ಡಬ್ಬಿಯ ಚೂರ್ಣವೂ ಇಳಿಸಲಾರದು.

ಡಾಕ್ಟರ್‌ಬಾಯಿ ಹೇಳಿದ್ದು ಇಷ್ಟೇ: ಕೂಸನ್ನು ಮೇಲಿಂದ ಮೇಲೆ ಎದೆಗೆ ಹಚ್ಚಬೇಕು, ಹಚ್ಚುವ ರೀತಿ ಹೀಗೆ, ತಾಯಿಗೆ ನೀರಡಿಕೆಯಾದಷ್ಟೂ ನೀರು, ಹಸಿವಾದಷ್ಟೂ ಊಟ, ಹೊರಸಿನ ಕೆಳಗಿನ ಕೆಂಡ ತೆಗೆಯಬೇಕು, ಕೂಸು ಏಳದೆ ಮಲಗಿದರೆ ತಡಮಾಡದೆ ಬರಬೇಕು, ಇಲ್ಲವಾದರೆ ಎರಡು ದಿನ ಬಿಟ್ಟು ತೂಕಕ್ಕೆ ತರಬೇಕು, ಆಗಲೂ ಏರದಿದ್ದರೆ ದವಾಖಾನೆಗೆ ಸೇರಿಸದೆ ದಾರಿಯಿಲ್ಲ. ಶತಾವರಿಯ ವಿಷಯವೇನು ಎಂದು ನಾನು ತಡೆಯಲಾರದೆ ಕೇಳಿದೆ. ಇನ್ನಷ್ಟು ನೋಡಬೇಕು ಎಂದರು. ನನಗೆ ಪ್ರಿಯವಾದ ಆ ವಾಕ್ಯ ಆವತ್ತು ಕಿವಿಗೆ ಅಷ್ಟೇನೂ ಇಂಪಾಗಿ ಕೇಳಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಆಯಿ ನನ್ನ ಪಕ್ಕ ಕುಳಿತಿದ್ದರು. ಕಿಟಕಿಯಾಚೆ ಬಿತ್ತದ ಹೊಲಗಳು, ಹೆದ್ದಾರಿಯ ಪಕ್ಕದ ಢಾಬಾಗಳ ಮುಂದೆ ಖಾಲಿ ಡ್ರಮ್ಮುಗಳು. ಮಾತಾಡಿದರೆ ಮತ್ತೆ ಜಗಳವಾದೀತೆಂದು ನಾನು ಡ್ರಮ್ಮುಗಳನ್ನು ಎಣಿಸುತ್ತ ಕುಳಿತೆ. ಯೆಣೆಗೂರು ಹತ್ತಿರವಾಗುತ್ತಿದ್ದಂತೆ ಆಯಿ, ಯಾರಿಗೂ ಅಲ್ಲವೆಂಬಂತೆ, ಕೋಲಿನ ಹಿಡಿಯನ್ನು ನೋಡುತ್ತ ಹೇಳಿದರು.

"ನನಗೂ ಭಾಳ ನೀರಡಿಕಿ ಆಗತಿತ್ತು."

ನಾನು ಅವರ ಕೈ ಹಿಡಿದುಕೊಂಡೆ. ಎಷ್ಟೋ ದಶಕಗಳ ಹಿಂದಿನ ನೀರಡಿಕೆ ಅದು. ಕೇಳುವವರಿಲ್ಲದೆ ಆ ಮೈಯಲ್ಲೇ ಉಳಿದಿತ್ತು.

ಕೂಸಿನ ತೂಕ ಏರಿತು. ಮೊದಲ ಸಲ ತೂಗಿದಾಗ ಸ್ವಲ್ಪ, ಎರಡನೇ ಸಲಕ್ಕೆ ಕಾಣುವಷ್ಟು, ತಿಂಗಳು ತುಂಬುವ ಹೊತ್ತಿಗೆ ಎತ್ತಿಕೊಂಡವರ ಕೈ ಸೋಲುವಷ್ಟು. ಇನ್ನು ಹೇಳಬೇಕಾದ್ದು ಕೀರ್ತಿಯ ಹಂಚಿಕೆ. ಕಾಗೆ ಕೂತಿತು, ಟೊಂಗೆ ಮುರಿಯಿತು ಎಂಬ ಗಾದೆಯಲ್ಲಿ ಇರುವುದು ಒಂದೇ ಕಾಗೆ. ನಮ್ಮಲ್ಲಿ ಒಂದೇ ಟೊಂಗೆಯ ಮೇಲೆ ಕಾಗೆಗಳ ಸಂತೆಯೇ ನೆರೆದಿತ್ತು. ಶತಾವರಿ ಎಂದಳು ಕಲಾವತಿ, ನಿಲಂಗಾದ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಹತ್ತಿಕಾಳು ಎಂದರು ಆಯಿ. ತಾನು ಹೊತ್ತ ಹರಕೆ ಎಂದಳು ತಂಗಿ. ಎದೆಗೆ ಹಚ್ಚುವ ರೀತಿಯನ್ನು ತಾನೇ ಮೊದಲು ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ ಎಂದಳು ಆಶಾ ಕಾರ್ಯಕರ್ತೆ. ನಾನು ಉದಗೀರಕ್ಕೆ ಬಂದು, ನೀರು, ಕೇವಲ ನೀರು, ಇದಕ್ಕಿಂತ ಪುರಾವೆ ಬೇಕೇ ಎಂದು ಗಂಡನ ಮುಂದೆ ವಿಜಯೋತ್ಸವ ಆಚರಿಸಿದೆ.

ಅವರು ಪೊಟ್ಟಣ ಕಟ್ಟುತ್ತಲೇ ಕೇಳಿಸಿಕೊಂಡರು. "ಒಂದ ಕೂಸು, ಹತ್ತ ಔಷಧ. ನಿಂದೇ ಹತ್ತಿತು ಅಂಬಲಾಕ ನಿನ್ನ ಹಂತ್ಯಾಕ ಏನ ಪುರಾವಾ ಅದ? ನೀನೂ ಈಗ ಅಂಗಡಿ ತೆಗದಿ ನೋಡು," ಎಂದರು.

ಹೇಳಲು ಸಂಕಟವಾಗುತ್ತದೆ, ಅವರ ಮಾತು ಸರಿಯಾಗಿತ್ತು. ಬೇಕಾದ್ದಕ್ಕಿಂತ ಹೆಚ್ಚು ನೀರು ಕುಡಿದರೆ ಹಾಲೇನೂ ಹೆಚ್ಚುವುದಿಲ್ಲ ಎಂದು ಆಮೇಲೆ ನಾನೇ ಓದಿ ತಿಳಿದುಕೊಂಡೆ. ಬಹುಶಃ ಮೇಲಿಂದ ಮೇಲೆ ಎದೆಗೆ ಹಚ್ಚಿದ್ದೇ ಮುಖ್ಯವಾಗಿತ್ತೇನೋ, ಬಹುಶಃ ಕೆಂಡ ತೆಗೆದದ್ದು, ಬಹುಶಃ ಎಲ್ಲವೂ ಸ್ವಲ್ಪ ಸ್ವಲ್ಪ. ಇನ್ನಷ್ಟು ನೋಡಬೇಕು. ಆದರೆ ಒಂದು ವಿಷಯದಲ್ಲಿ ನಾನು ಇನ್ನು ಯಾರೊಂದಿಗೂ ವಾದ ಮಾಡುವುದಿಲ್ಲ. ಹಾಲಿಗೆ ಏನು ಮದ್ದು ಎಂಬುದಕ್ಕೆ ಪುರಾವೆ ಬೇಕು, ಗರ್ಭಕ್ಕೆ, ಮುಟ್ಟಿಗೆ, ಬಿಳಿಸೆರಗಿಗೆ ಯಾವ ಬೇರು ಎಂಬುದಕ್ಕೆ ಕಟ್ಟುನಿಟ್ಟಿನ ಪುರಾವೆ ಬೇಕು, ಅದು ಸಿಗುವವರೆಗೂ ನಾನು ಕೂಗಾಡುತ್ತಲೇ ಇರುತ್ತೇನೆ. ನೀರಡಿಸಿದವಳಿಗೆ ನೀರು ಕೊಡಲು ಮಾತ್ರ ಯಾವ ಪುರಾವೆಯೂ ಬೇಕಿಲ್ಲ. ಅವಳು ಹೌದೆಂದರೆ ಸಾಕು. ಅದಕ್ಕೆ ಮೊದಲು ಅವಳನ್ನು ಕೇಳಬೇಕು.

ಕೆಲವು ವರ್ಷ ಬಿಟ್ಟು ಮತ್ತೊಂದು ಬರಗಾಲದ ಬೇಸಿಗೆ ಬಂತು. ನಿಲಂಗಾದಲ್ಲಿ ಕಲಾವತಿಯ ಸೊಸೆ ಎರಡನೆಯದನ್ನು ಅತ್ತೆಮನೆಯಲ್ಲೇ ಹಡೆದಳು. ಕೂಸು ನೋಡಲು ನಾನು ಹೋದಾಗ ಪಡಸಾಲೆಯಲ್ಲಿ, ನನಗಿಂತ ಮೊದಲೇ ಕೂಸು ನೋಡಲು ಬಂದಿದ್ದ ಯೆಣೆಗೂರಿನ ಆಯಿಯ ಕೋಲು ಗೋಡೆಗೆ ಒರಗಿತ್ತು. ಬಾಗಿಲಲ್ಲಿ ಎಂದಿನಂತೆ ಯಾರಾದರೂ ನೀರು ತಂದಾರು ಎಂದು ಕಾದೆ, ಯಾರೂ ಬರಲಿಲ್ಲ. ಒಳಗೆ ಇಣುಕಿದರೆ, ಆಯಿ ಹೊರಸಿನ ತಲೆದೆಸೆಯಲ್ಲಿ ಕುಳಿತು, ತುಂಬಿದ ತಂಬಿಗೆಯನ್ನು ಬಾಣಂತಿಯ ಕೈಗೆ ಕೊಟ್ಟು, ಆಕಳ ಮುಂದೆ ಅವರ ಮಗ ನಿಲ್ಲುತ್ತಿದ್ದ ಹಾಗೆಯೇ, ಆಕೆ ಮುಖ ಎತ್ತುವವರೆಗೂ ಕಾಯುತ್ತಿದ್ದರು. ಸುತ್ತ ನೆರೆದ ಓಣಿಯ ಹೆಂಗಸರಿಗೆ ಗಂಭೀರವಾಗಿ ಹೇಳುತ್ತಿದ್ದರು, ಬಾಣಂತಿಯನ್ನು ಮೊದಲು ನೀರಡಿಕೆ ಕೇಳಬೇಕು, ಆಮೇಲೆ ಉಳಿದದ್ದು, ಇದು ತಮ್ಮ ಮನೆತನದಲ್ಲಿ ಅಜ್ಜಿ ಮುತ್ತಜ್ಜಿಯರಿಂದ ಬಂದ ಔಷಧ, ಎಂದು.

ನನಗೆ ಮೈಯೆಲ್ಲ ಉರಿಯಿತು. ಪುರಾವೆ ಏನು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಯಿ ನನ್ನನ್ನು ಕಂಡರು, ನನ್ನ ತೆರೆದ ಬಾಯಿಯನ್ನೂ ಕಂಡರು. ಬಾಣಂತಿಯ ಕೈಯಿಂದ ತಂಬಿಗೆ ತೆಗೆದುಕೊಂಡು, ತಳದಲ್ಲಿ ಉಳಿದಿದ್ದ ನೀರನ್ನು ಒಂದು ಲೋಟಕ್ಕೆ ಬಗ್ಗಿಸುತ್ತ ಕೇಳಿದರು.

"ನೀರಡಿಕಿ ಆಗ್ಯಾದೇನವ್ವ?"

ಆಗಿದೆ ಎಂದೆ.